ಅರಿಜೋನಾದ ಬೆನಕ

ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವ ಮನುಷ್ಯನಷ್ಟು ಸಾಧು ಪ್ರಾಣಿ ನ್ಯೂಜೆರ್ಸಿಯಲ್ಲಿ ಇನ್ನೊಂದಿಲ್ಲ. ಇಸವಿ ಎರಡು ಸಾವಿರವಾದೊಡನೆ ಕಂಪ್ಯೂಟರುಗಳನ್ನೆಲ್ಲ ಕೆಡಿಸುವ ವೈ-ಟು-ಕೆ ಎಂಬ ಭೂತ ಬರುತ್ತದೆಂದು ಲೋಕವನ್ನೆಲ್ಲ ಹೆದರಿಸಿ, ಅದು ಬಾರದೆ ಹೋದಾಗ ಸಾಫ್ಟ್‌ವೇರಿನವರಾದ ನಾವೇ ಓಡಿಸಿದೆವೆಂದು ಬೆನ್ನು ತಟ್ಟಿಸಿಕೊಂಡ ಮರುವರ್ಷ ಅದು. ಆಗ ನಾನು ಪ್ಲೇನ್ಸ್‌ಬರೋದ ಖಾಲಿ ಪಾರ್ಕಿಂಗ್ ಲಾಟಿನಲ್ಲೂ ಸ್ಟಾಪ್ ಸೈನ್ ಕಂಡರೆ ಕಾರು ನಿಲ್ಲಿಸಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸುತ್ತಿದ್ದೆ. ಲೈಬ್ರರಿಯ ಪುಸ್ತಕಗಳನ್ನು ಗಡುವಿಗೆ ನಾಲ್ಕು ದಿನ ಮೊದಲೇ, ಹಲವನ್ನು ಓದದೆಯೇ, ಹಿಂತಿರುಗಿಸುತ್ತಿದ್ದೆ.

ಇಷ್ಟಾದರೂ ನೆವಾರ್ಕಿನ ಇಮಿಗ್ರೇಷನ್ ಕಚೇರಿಯಿಂದ ನನಗೆ ಸಂದರ್ಶನದ ಕರೆ ಬಂತು. ಕಂಪನಿಯ ಮೂಲಕ ಅರ್ಜಿ ಹಾಕಿದವರನ್ನು ಆಗ ಸಾಮಾನ್ಯವಾಗಿ ಸಂದರ್ಶನಕ್ಕೆ ಕರೆಯುತ್ತಿರಲಿಲ್ಲ. ನಮ್ಮ ಕಾಂಪ್ಲೆಕ್ಸಿನಲ್ಲಿದ್ದ ಅಷ್ಟೂ ಮಂದಿಯಲ್ಲಿ ನನ್ನೊಬ್ಬನನ್ನೇ ಕರೆದಿದ್ದರು. ಸುದ್ದಿ ಕೇಳಿದವರೆಲ್ಲ ಲಾಂಡ್ರಿ ರೂಮಿನಲ್ಲಿ ನನ್ನನ್ನು ಆಪರೇಷನ್ನಿಗೆ ಹೊರಟ ರೋಗಿಯಂತೆ ಮಾತನಾಡಿಸುತ್ತಿದ್ದರು.

ಸಂದರ್ಶನಕ್ಕೆ ಇನ್ನೂ ಮೂರು ವಾರವಿತ್ತು. ಮನೆಯಲ್ಲಿ ಊರಿನಿಂದ ಬಂದಿದ್ದ ನನ್ನ ಸೋದರತ್ತೆ ಇದ್ದರು. ನಮ್ಮ ತಂದೆಯ ಅಕ್ಕ. ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಾನೂ ಅದೇ ಶಾಲೆಯಲ್ಲಿ ಓದಿದವನು. ಎಂಟನೇ ಕ್ಲಾಸಿನಲ್ಲಿ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿಯನ್ನು ನಾನೇ ಹಾಕಿಕೊಂಡಿದ್ದೆ. ಅತ್ತೆ ನನ್ನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಎದುರು ನಿಲ್ಲಿಸಿ, ಎಡಗಿವಿ ಹಿಡಿದು, ನನ್ನ ಬಾಯಿಂದಲೇ ಅದನ್ನು ಹೇಳಿಸಿದ್ದರು. ಅಂದಿನಿಂದ ಸುಳ್ಳು ಹೇಳಲು ಬಾಯಿ ತೆರೆದರೆ ಸಾಕು, ನನ್ನ ಎಡಗಿವಿ ತಾನಾಗಿಯೇ ಬಿಸಿಯಾಗುತ್ತದೆ. ಸಾಫ್ಟ್‌ವೇರಿನಲ್ಲಿ, ಅದರಲ್ಲೂ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆಂದು ಹೇಳಬೇಕಾದ ಹುದ್ದೆಯಲ್ಲಿ, ಇದೊಂದು ಅಂಗವೈಕಲ್ಯ.

ಅತ್ತೆಗೆ ನಯಾಗರ ಬೇಡ, ಸ್ವಾತಂತ್ರ್ಯ ದೇವಿಯೂ ಬೇಡ. "ಮೂವತ್ತು ವರ್ಷ ಮರುಭೂಮಿ ಪಾಠ ಮಾಡಿದೀನಿ ಕಣೋ. ಬೋರ್ಡ್ ಮೇಲೆ ಒಂಟೆ ಬರೆದೂ ಬರೆದೂ ಸಾಕಾಯ್ತು. ಒಂದ್ ಸಲ ಕಣ್ಣಲ್ಲಿ ನೋಡ್ಬೇಕು, ನಾನು ಹೇಳಿದ್ದೆಲ್ಲ ಸರಿಯಾಗಿದೆಯೋ ಇಲ್ವೋ ಅಂತ," ಎಂದರು. ಫೋರ್ಟ್ ಲೀಯಲ್ಲಿದ್ದ ನಮ್ಮ ಸ್ನೇಹಿತರೊಬ್ಬರು, ಧಾರವಾಡದ ಡಾಕ್ಟರು, ಹೆಂಡತಿ ಊರಿಗೆ ಹೋಗಿದ್ದರಿಂದ ಬೇಸರದಲ್ಲಿದ್ದರು. ಅವರೇ ಉಪಾಯ ಹೇಳಿದರು. ಲಾಂಗ್ ವೀಕೆಂಡಿಗೆ ಅರಿಜೋನಾದ ಫೀನಿಕ್ಸಿಗೆ ಹಾರುವುದು. ಅಲ್ಲಿಂದ ಒಂದು ದಿನದ ಗೈಡೆಡ್ ಟೂರ್. ಬೆಳಿಗ್ಗೆ ಏಳಕ್ಕೆ ವ್ಯಾನ್ ಹೊರಡುತ್ತದೆ, ಬೆಟ್ಟದ ತಪ್ಪಲಿನ ಪುರಾತನ ಮಣ್ಣಿನ ಊರೊಂದನ್ನು ತೋರಿಸುತ್ತದೆ, ಘಟ್ಟ ಹತ್ತಿಸಿ ಆಚೆ ಬಂಡೆಯ ಪೊಟರೆಯಲ್ಲಿ ಕಟ್ಟಿದ ಮನೆಗಳನ್ನು ತೋರಿಸುತ್ತದೆ, ಕತ್ತಲಾಗುವ ಮುಂಚೆ ವಾಪಸು ತಂದುಬಿಡುತ್ತದೆ.

ಹೀಗೆ ನಾನು, ನನ್ನ ಹೆಂಡತಿ, ಅತ್ತೆ, ಡಾಕ್ಟರು, ಎರಡು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ ಫೀನಿಕ್ಸಿನಲ್ಲಿ ವ್ಯಾನ್ ಹತ್ತಿದೆವು. ಬೇರೆ ಪ್ರವಾಸಿಗರಿರಲಿಲ್ಲ. ಗೈಡೇ ಡ್ರೈವರ್. ಆರಡಿ ಮೇಲೆ ನಾಲ್ಕಂಗುಲದ ಮುದುಕ, ದೊಡ್ಡ ಟೋಪಿ, ಬಿಸಿಲಿಗೆ ಬೆಂದ ಮುಖ. ಹಿಂದೆ ತಾಮ್ರದ ಗಣಿಯಲ್ಲಿ ಲಾರಿ ಓಡಿಸುತ್ತಿದ್ದನಂತೆ. ತೀರ್ಪು ಓದುವ ನ್ಯಾಯಾಧೀಶರ ಗತ್ತಿನಲ್ಲಿ ಮಾತನಾಡುತ್ತಿದ್ದ.

ಮಣ್ಣಿನ ಊರಿನ ಮುಂದೆ ಇಳಿಯುತ್ತಲೇ ಟೋಪಿ ತೆಗೆದು ಹೇಳಿದ: "ಇದು ಸರ್ಕಾರದ ರಕ್ಷಣೆಯಲ್ಲಿರುವ ಸ್ಥಳ. ಫೋಟೋ ಬಿಟ್ಟು ಇಲ್ಲಿಂದ ಏನನ್ನೂ ಒಯ್ಯಬೇಡಿ. ಮಡಕೆ ಚೂರು ಬೇಡ, ಹೂವು ಬೇಡ, ಒಂದು ಬೆಣಚುಕಲ್ಲೂ ಬೇಡ. ಒಯ್ದರೆ ಅದು ಫೆಡರಲ್ ಅಪರಾಧ."

ಆ ಕೊನೆಯ ಎರಡು ಪದ ಕೇಳುತ್ತಲೇ ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿದೆ. ಇಡೀ ಊರನ್ನು ಹಾಗೇ ನೋಡಿದೆ. ಹೊರಬರುವಾಗ ಶೂಗಳ ಅಡಿಯನ್ನು ಚೆನ್ನಾಗಿ ಒದರಿ, ಅಲ್ಲಿಯ ಮಣ್ಣನ್ನು ಅಲ್ಲಿಯೇ ಬಿಟ್ಟೆ. ಡಾಕ್ಟರು ನಗುತ್ತ ನೋಡುತ್ತಿದ್ದರು.

ವ್ಯಾನ್ ಬೆಟ್ಟ ಏರತೊಡಗಿತು. ಒಂದು ಕಡೆ ಕೆಂಪು ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಕೈ ಮೇಲೆತ್ತಿ ನಿಂತ ದೈತ್ಯ ಕಳ್ಳಿಗಿಡಗಳು ಪ್ರಪಾತದ ಅಂಚಿನಲ್ಲಿ ನಮಗೆ ವಿದಾಯ ಹೇಳುವಂತಿದ್ದವು. ಗೈಡ್ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಹಿಂದೆ ಯಾರ‍್ಯಾರ ಲಾರಿ ಎಲ್ಲೆಲ್ಲಿ ಉರುಳಿತ್ತೆಂದು ತೋರಿಸುತ್ತಿದ್ದ. ಮೂರನೆಯ ತಿರುವಿನಲ್ಲಿ ಹಿಂದಿನ ಸೀಟಿನಿಂದ ಮಂತ್ರದ ಗುನುಗು ಕೇಳಿಸಿತು. ತಿರುಗಿ ನೋಡಿದೆ.

ಅತ್ತೆ ಮೊಸರನ್ನದ ಡಬ್ಬಿಯ ಮುಚ್ಚಳವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಕೆಂಗಲ್ಲು. ಕಲ್ಲಿಗೆ ಕುಂಕುಮ, ಎದುರಿಗೆ ಒಂದು ಚೂರು ಬೆಲ್ಲ. ಘಟ್ಟ ಹತ್ತುವಾಗ ವಿಘ್ನ ಬಾರದಿರಲೆಂದು ಒಂದು ಕಲ್ಲನ್ನು ಬೆನಕನೆಂದು ಕೂರಿಸಿ ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಆಗುಂಬೆ ಘಾಟಿಯಲ್ಲಿ ಅದೆಷ್ಟು ಬೆನಕರು ನಮ್ಮ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದರೋ. ಆದರೆ ಅಲ್ಲಿಯ ಕಲ್ಲುಗಳು ಫೆಡರಲ್ ಆಗಿರಲಿಲ್ಲ.

"ಅತ್ತೆ, ಈ ಕಲ್ಲು ಎಲ್ಲಿಂದ ಬಂತು?" ನನ್ನ ದನಿ ನನಗೇ ಹೆಣ್ಣುದನಿಯಂತೆ ಕೇಳಿಸಿತು.

"ಆ ಮಣ್ಣಿನ್ ಊರಲ್ಲಿ. ಎಷ್ಟು ಲಕ್ಷಣವಾಗಿದೆ ನೋಡು, ಸೊಂಡಿಲೂ ಇದೆ."

"ಅಲ್ಲಿಂದ ಏನೂ ತಗೋಬಾರದು ಅಂತ ಅವನು ಹೇಳಲಿಲ್ವಾ!"

"ಹೇಳ್ದ. ಕೇಳಿಸ್ಕೊಂಡೆ. ಅದು ಕಳ್ಳರಿಗೆ ಹೇಳೋ ಮಾತು. ನಾನೇನು ಕದ್ದಿದೀನಾ? ದೇವರನ್ನ ಕರ್ಕೊಂಡು ಬಂದಿದೀನಿ."

ನನ್ನ ಹೆಂಡತಿ ಪ್ರಪಾತದ ಕಡೆ ಒಮ್ಮೆ ನೋಡಿ, "ಇರ‍್ಲಿ ಬಿಡಿ, ಇಳಿಯೋವರ‍್ಗಾದ್ರೂ ಇರ‍್ಲಿ," ಎಂದು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಡಾಕ್ಟರು ನನ್ನ ಕಿವಿಯ ಬಳಿ ಬಗ್ಗಿದರು. "ಗ್ರೀನ್ ಕಾರ್ಡ್ ಅರ್ಜಿಯೊಳಗ ಒಂದು ಪ್ರಶ್ನೆ ಅದ ನೆನಪದ ಏನ್ರೀ? ಸಿಕ್ಕೊಳ್ಳದಽ ಮಾಡಿದ ಅಪರಾಧ ಯಾವುದರೆ ಅದ ಏನು ಅಂತ ಕೇಳ್ತಾರ. ನನಗ ಕೇಳಿದ್ರು. ಪ್ರಮಾಣ ಮಾಡಿಸಿ ಕೇಳ್ತಾರ್ರೀ!"

ನೆನಪಿತ್ತು. ಆ ಪ್ರಶ್ನೆಗೆ ನಾನು ಆರು ತಿಂಗಳ ಹಿಂದೆ ಎಂಥ ಹೆಮ್ಮೆಯಿಂದ 'ಇಲ್ಲ' ಎಂದು ಗುರುತು ಹಾಕಿದ್ದೆ! ಈಗ ಅದೇ ಉತ್ತರವನ್ನು ಮೂರು ವಾರದಲ್ಲಿ ಅಧಿಕಾರಿಯ ಎದುರು ಬಲಗೈ ಎತ್ತಿ ಹೇಳಬೇಕು. ಕದ್ದ ಕಲ್ಲಿನ ಜೊತೆ ಒಂದೇ ವ್ಯಾನಿನಲ್ಲಿ ಕೂತವನು ಹೇಳಬಲ್ಲೆನೆ? ಎಡಗಿವಿ ಆಗಲೇ ಬೆಚ್ಚಗಾಗಿತ್ತು.

"ಕಿಟಕಿಯಿಂದ ಎಸೆದುಬಿಡೋಣ," ಎಂದೆ.

"ಪೂಜೆ ಆದ ಕಲ್ಲನ್ನ ಎಸೀತಾರೇನೋ ಮುಠ್ಠಾಳ?" ಅತ್ತೆ ಮುಚ್ಚಳವನ್ನು ಎದೆಗಪ್ಪಿಕೊಂಡರು. "ಹರಿಯೋ ನೀರಲ್ಲಿ ಬಿಡಬೇಕು."

ಹರಿಯುವ ನೀರು! ಬೆಳಗಿನಿಂದ ನಾವು ಕಂಡ ನೀರೆಂದರೆ ನಮ್ಮ ಬಾಟಲಿಗಳದ್ದು ಮತ್ತು ಗೈಡಿನ ಪಕ್ಕದಲ್ಲಿದ್ದ ಒಂದು ಕ್ಯಾನಿನದ್ದು. ಆದರೂ ಘಟ್ಟ ಇಳಿದ ಮೇಲೆ ನನ್ನ ಭಾಗ್ಯಕ್ಕೆ ಒಂದು ಉದ್ದನೆಯ ಸೇತುವೆ ಬಂತು. ಅದರ ತುದಿಯಲ್ಲಿ ಸರ್ಕಾರವೇ ನೆಟ್ಟ ಬೋರ್ಡು. ನದಿಯೆಂದು ಸ್ಪಷ್ಟವಾಗಿ ಬರೆದಿತ್ತು. ಗೈಡಿಗೆ ಹೇಳಿ ವ್ಯಾನ್ ನಿಲ್ಲಿಸಿದೆ. ಅತ್ತೆ ಮುಚ್ಚಳ ಹಿಡಿದು ಇಳಿದರು, ಹಿಂದೆ ನಾವು ಮೂವರು ಮೆರವಣಿಗೆಯಂತೆ ಇಳಿದೆವು.

ಸೇತುವೆಯ ಕೆಳಗೆ ಮರಳಿತ್ತು. ಈ ದಡದಿಂದ ಆ ದಡದವರೆಗೆ ಬರೀ ಮರಳು. ನಡುವೆ ಯಾರೋ ಓಡಿಸಿದ್ದ ಟ್ರಕ್ಕಿನ ಟೈರಿನ ಗುರುತು.

ನನಗೆ ಅಳು ಬಂತು. ಅತ್ತೆಗೆ ಆನಂದವಾಯಿತು. "ನೋಡಿದ್ಯೇನೋ! ಮರುಭೂಮಿಯ ನದಿಗಳು ಋತುಮಾನದ ನದಿಗಳು. ನೋಟ್ಸ್ ಕೊಟ್ಟಿದ್ದೆ, ನಿನ್ನ ಕ್ಲಾಸಿಗೂ ಕೊಟ್ಟಿದ್ದೆ!" ಎಂದು, ಹಿಂದೆ ಬಂದು ನಿಂತಿದ್ದ ಗೈಡಿನತ್ತ ತಿರುಗಿ ತಮ್ಮ ಹೆಡ್‌ಮಿಸ್ಟ್ರೆಸ್ ಇಂಗ್ಲಿಷಿನಲ್ಲಿ ಕೇಳಿದರು: "ಇಲ್ಲಿ ನೀರು ಯಾವಾಗ ಬರುತ್ತದೆ?"

"ಜುಲೈನಲ್ಲಿ, ಮೇಡಂ. ಒಂದು ಮಧ್ಯಾಹ್ನ."

"ಕರೆಕ್ಟ್," ಎಂದರು ಅತ್ತೆ, ಮಾರ್ಕ್ಸ್ ಕೊಡುವಂತೆ.

ಆಮೇಲೆ ಗೈಡಿನ ಕಣ್ಣು ಮುಚ್ಚಳದ ಮೇಲೆ ಬಿತ್ತು. ಕಲ್ಲನ್ನೂ ಕುಂಕುಮವನ್ನೂ ನೋಡಿದ. ನನ್ನನ್ನು ನೋಡಿದ. ನಾನು ನಿಂತಲ್ಲೇ ನೆಟ್ಟಗಾಗಿ, "ಸರ್, ನಾನೊಂದು ಅಪರಾಧವನ್ನು ವರದಿ ಮಾಡಬೇಕಾಗಿದೆ," ಎಂದು ಶುರುಮಾಡಿ, ಬೆನಕ, ಘಟ್ಟ, ವಿಘ್ನ, ನೆವಾರ್ಕ್, ಬಲಗೈ, ಎಲ್ಲವನ್ನೂ ಹೇಳಿದೆ. ಡಾಕ್ಟರು ಬೆನ್ನು ತಿರುಗಿಸಿ ನಿಂತಿದ್ದರು. ಅವರ ಭುಜಗಳು ಕುಲುಕುತ್ತಿದ್ದವು.

ಗೈಡ್ ಸಾವಧಾನವಾಗಿ ಕೇಳಿಸಿಕೊಂಡು ಕಲ್ಲಿನತ್ತ ಕೈ ತೋರಿದ. "ಅಂದರೆ ಬೆಳಿಗ್ಗೆ ನಾನು ಓಡಿಸಿದ ಗಾಡಿ ಉರುಳದಿದ್ದದ್ದು ಇವರಿಂದಲೇ?"

"ಹೌದು," ಎಂದರು ಅತ್ತೆ. "ನೀವೂ ಎರಡು ಕೈಯಲ್ಲಿ ಓಡಿಸಿದ್ದರೆ ಇವರಿಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ."

ಅವನು ಬಂದ ದಾರಿಯತ್ತ ತಿರುಗಿ ನೋಡಿದ. "ವಾಪಸು ಹೋಗುವುದೂ ಅದೇ ದಾರಿ. ಘಟ್ಟ ದಾಟುವವರೆಗೆ ಇವರು ಜೊತೆಯಲ್ಲಿರಲಿ. ಆಮೇಲೆ ಇವರ ಊರಿನಲ್ಲಿ ಇಳಿಸೋಣ," ಎಂದ.

ಬಂಡೆಯ ಪೊಟರೆಯ ಮನೆಗಳನ್ನು ನಾನು ನೋಡಿದೆನೆಂದು ಫೋಟೋಗಳು ಹೇಳುತ್ತವೆ. ಎಲ್ಲದರಲ್ಲೂ ನನ್ನ ಕಣ್ಣು ವ್ಯಾನಿನ ಕಡೆಗಿದೆ. ಬೆನಕ ಅಲ್ಲಿ ಸೀಟ್ ಬೆಲ್ಟ್ ಹಾಕಿಸಿಕೊಂಡು ಕೂತಿದ್ದ. ಅತ್ತೆಯಾದರೋ ಆ ಏರನ್ನು ಚಪ್ಪಲಿಯಲ್ಲೇ ಹತ್ತಿ, ಅಷ್ಟು ಹಳೆಯ ಕಾಲದ ಜನ ಕಟ್ಟಿದ್ದ ಅಡುಗೆಮನೆಯೊಳಗೆ ಇಣುಕಿ, ಹೊಗೆ ಹೋಗಲು ದಾರಿ ಇಟ್ಟಿದ್ದನ್ನು ಮೆಚ್ಚಿಕೊಂಡು, ನಮ್ಮ ಅಪಾರ್ಟ್‌ಮೆಂಟಿನವರಿಗೆ ಅಷ್ಟು ಬುದ್ಧಿ ಇಲ್ಲವೆಂದು ಹೇಳಿ ಬಂದರು. ಒಗ್ಗರಣೆ ಹಾಕಿದಾಗಲೆಲ್ಲ ಬಡಿದುಕೊಳ್ಳುವ ನಮ್ಮ ಸ್ಮೋಕ್ ಅಲಾರಮ್ಮಿನ ಮೇಲಿನ ಸಿಟ್ಟು ಅದು. ಪುಳಿಯೋಗರೆ ಗೈಡಿಗೂ ಹಿಡಿಸಿತು. ಮೊಸರನ್ನ ಹಿಡಿಸಲಿಲ್ಲ, ಆದರೆ ಅತ್ತೆ ಎದುರಿಗೆ ನಿಂತಿದ್ದರಿಂದ ತಿಂದ.

ಮಣ್ಣಿನ ಊರಿಗೆ ಮರಳಿದಾಗ ಸಂಜೆಯಾಗಿ ಬಾಗಿಲು ಹಾಕಿತ್ತು. ಹೊರಗಿನ ಬೇಲಿ ಮೊಣಕಾಲೆತ್ತರದ ಒಂದು ಸರಪಳಿಯಷ್ಟೆ. ಇನ್ನು ಅದನ್ನು ದಾಟಿದರೆ ಅದು ಎರಡನೆಯ ಅಪರಾಧವೆಂದು ನಾನು ಈಚೆಯೇ ನಿಂತೆ.

"ಬೋರ್ಡಿನ ಎಡಕ್ಕೆ ಮೂರನೇ ಕಳ್ಳಿ, ಅದರ ಪೂರ್ವಕ್ಕೆ ಒಂದು ಗೇಣು," ಎಂದು ಅತ್ತೆ ಸ್ಥಳ ನಿರ್ದೇಶಿಸಿದರು. ಸರಪಳಿಯ ಈಚೆಯಿಂದಲೇ ಕೈಗೆಟಕುತ್ತಿತ್ತು. ಆದರೆ ಕುಂಕುಮ? ಬಣ್ಣ ಹಚ್ಚಿದ ಕಲ್ಲನ್ನು ಇಟ್ಟುಹೋದರೆ ಪುರಾತನ ವಸ್ತುವನ್ನು ಕೆಡಿಸಿದ ಆರೋಪ ಬೇರೆ. ಜೊತೆಗೆ ಅತ್ತೆಯ ಹರಿಯುವ ನೀರಿನ ಷರತ್ತು.

ಗೈಡ್ ವ್ಯಾನಿಗೆ ಹೋಗಿ ತನ್ನ ನೀರಿನ ಕ್ಯಾನು ತಂದ. ಟೋಪಿ ತೆಗೆದು ನನ್ನ ಕೈಗೆ ಕೊಟ್ಟ. ಅತ್ತೆ ಕಲ್ಲನ್ನು ಬೊಗಸೆಯಲ್ಲಿ ಹಿಡಿದರು. ಅವನು ತನ್ನ ಆರಡಿ ನಾಲ್ಕಂಗುಲದ ಎತ್ತರದಿಂದ ಕ್ಯಾನನ್ನು ತಲೆಯ ಮೇಲೆತ್ತಿ ನಿಧಾನವಾಗಿ ಬಗ್ಗಿಸಿದ. ನೀರು ನಿಜವಾಗಿಯೂ ಹರಿಯಿತು. ಕುಂಕುಮ ತೊಳೆದು ಕೆಂಪು ನೀರು ಕೆಂಪು ಮಣ್ಣಿಗೆ ಬಿದ್ದು ಕ್ಷಣದಲ್ಲಿ ಇಂಗಿತು. ಅತ್ತೆ ಕಣ್ಣು ಮುಚ್ಚಿ, ಹೋಗಿ ಬಾ ಎಂದು ಹೇಳಿ, ಕಲ್ಲನ್ನು ಅದರ ಜಾಗದಲ್ಲಿ ಇಟ್ಟರು. ಡಾಕ್ಟರು ಈ ಸಲ ನಗಲಿಲ್ಲ.

ಮೂರು ವಾರದ ಮೇಲೆ ನೆವಾರ್ಕಿಗೆ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದು, ಹೊರಗಿನ ಕುರ್ಚಿಯಲ್ಲಿ ಕೂತರು. ಒಳಗೆ ಕನ್ನಡಕ ಮೂಗಿನ ತುದಿಗಿಳಿಸಿಕೊಂಡ ಒಬ್ಬ ಮಹಿಳಾ ಅಧಿಕಾರಿ. ಪಕ್ಕದಲ್ಲಿ ಕಂಪನಿಯ ವಕೀಲ. ನಾನು ಬಲಗೈ ಎತ್ತಿದೆ. ಪ್ರಶ್ನೆಗಳು ಒಂದೊಂದಾಗಿ ಬಂದವು, ಕೊನೆಗೆ ಆ ಪ್ರಶ್ನೆಯೂ ಬಂತು. ವಕೀಲ ಆಗಲೇ ಫೈಲು ಮುಚ್ಚುತ್ತಿದ್ದ.

"ಹೌದು," ಎಂದೆ.

ಮೇಜಿನ ಕೆಳಗೆ ವಕೀಲನ ಶೂ ನನ್ನ ಕಾಲಿಗೆ ಬಿತ್ತು. ಅಧಿಕಾರಿ ಹೊಸ ಹಾಳೆ ತೆಗೆದರು. ನಾನು ಹೇಳತೊಡಗಿದೆ. ಆರಂಭದಲ್ಲಿ ಅವರು ಬರೆದುಕೊಳ್ಳುತ್ತಿದ್ದರು. ಘಟ್ಟದ ಮೂರನೆಯ ತಿರುವಿನಲ್ಲಿ ಬರೆಯುವುದನ್ನು ನಿಲ್ಲಿಸಿದರು. ನದಿಯ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಕಲ್ಲು ಈಗ ಎಲ್ಲಿದೆ?"

"ಬೋರ್ಡಿನ ಎಡಕ್ಕೆ ಮೂರನೇ ಕಳ್ಳಿ, ಅದರ ಪೂರ್ವಕ್ಕೆ ಒಂದು ಗೇಣು, ಮೇಡಂ."

ಅವರು ಕನ್ನಡಕ ಮತ್ತೆ ಏರಿಸಿ ಪೆನ್ನು ಕೈಗೆತ್ತಿಕೊಂಡರು. "ನಾನು ಇದನ್ನು 'ಇಲ್ಲ' ಎಂದೇ ಬರೆದುಕೊಳ್ಳುತ್ತೇನೆ. ಮುಂದಿನ ಪ್ರಶ್ನೆ," ಎಂದರು. ಮುಂದಿನ ಪ್ರಶ್ನೆ ನಾನು ಯಾವುದಾದರೂ ಸರ್ಕಾರವನ್ನು ಉರುಳಿಸಲು ಸಂಚು ಮಾಡಿದ್ದೆನೇ ಎಂಬುದಾಗಿತ್ತು. ಅದಕ್ಕೆ ಇಲ್ಲ ಎಂದೆ. ಕಿವಿ ತಣ್ಣಗಿತ್ತು. ಪಾಸ್‌ಪೋರ್ಟಿನ ಮೇಲೆ ಮಂಜೂರಾತಿಯ ಠಸ್ಸೆ ಬಿತ್ತು.

ಹೊರಗೆ ಬಂದಾಗ ಅತ್ತೆ ಎದ್ದು ನಿಂತರು. ಕಾರ್ಡು ಸಿಕ್ಕಿತೇ ಎಂದು ಕೇಳಲಿಲ್ಲ.

"ಹೇಳಿದ್ಯಾ?"

"ಹೇಳ್ದೆ."

"ಎಲ್ಲಾ?"

"ಎಲ್ಲಾ."

"ನೈವೇದ್ಯದ ಬೆಲ್ಲಾನ ಬೆಟ್ಟ ಇಳಿದ್ಮೇಲೆ ಯಾರಿಗೂ ಕೊಡ್ದೆ ಕದ್ದು ನೀನೇ ಬಾಯಿಗೆ ಹಾಕ್ಕೊಂಡ್ಯಲ್ಲ, ಅದು?"

"ಅದನ್ನ ಅವರು ಕೇಳಲಿಲ್ಲ, ಅತ್ತೆ."

ಅತ್ತೆ ಕೈಯೆತ್ತಿ, ನನ್ನ ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.