ಸೋರದ ಹೊಂಡ

ಮೊನ್ನೆ ಮಗ ಮಾಳಿಗೆಯ ಹಳೆಯ ಮಣ್ಣನ್ನೆಲ್ಲ ಕೆರೆಸಿ ಅಂಗಳಕ್ಕೆ ಸುರಿಸಿದ. ವರ್ಷವರ್ಷ ಮಣ್ಣು ಹಾಕುವ ಕೆಲಸ ಇನ್ನು ಬೇಡ ಎಂದು ನೀಲಿ ಪ್ಲಾಸ್ಟಿಕ್ಕಿನ ತಾಡಪಾಲು ತಂದಿದ್ದ. ಹೊತ್ತಿಳಿಯುವಾಗ ನಾಲ್ಕು ಹನಿ ಬಿದ್ದು ಆ ಸವುಳು ಮಣ್ಣು ನೆನೆಯಿತು. ವಾಸನೆ ಎದ್ದಿತು. ಉಪ್ಪಿನದೂ ಅಲ್ಲ, ಸುಣ್ಣದೂ ಅಲ್ಲ, ಮೈಲಿಗೆ ಬಟ್ಟೆಯ ಗಂಟು ಬಿಚ್ಚಿದಂಥ ವಾಸನೆ. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಮಳೆ ಬಂದರೆ ಕಟ್ಟೆಗೆ ಬಂದು ಕೂಡುವ ಮುದುಕ ಇವತ್ತೇಕೆ ಒಳಗೆ ಹೋದ ಎಂದು ಸೊಸೆಗೆ ಆಶ್ಚರ್ಯ. ಅವಳು ನನ್ನ ಅಕ್ಕನನ್ನು ನೋಡಿಯೇ ಇಲ್ಲ...

ನನಗಿದ್ದವಳು ಒಬ್ಬಳೇ ಅಕ್ಕ. ಗೋನೆಗಂಡ್ಲಕ್ಕೆ ಕೊಟ್ಟಿದ್ದೆವು. ಹೆತ್ತ ಎರಡು ಕೂಸುಗಳೂ ತೊಟ್ಟಿಲಿಗೆ ಬರುವ ಮೊದಲೇ ಹೋದವು. ಇವಳ ಕೈಯೇ ಒಳ್ಳೆಯದಲ್ಲ ಎಂದು ಅತ್ತೆ ಮನೆಯವರು ಆಡಿದರು. ಗಂಡ ಇನ್ನೊಬ್ಬಳನ್ನು ತಂದ. ಅಕ್ಕ ಒಂದು ಟ್ರಂಕು ಹಿಡಿದುಕೊಂಡು ಕೌತಾಳಂ ಹತ್ತಿರದ ನಮ್ಮ ಊರಿಗೆ ವಾಪಸು ಬಂದಳು. ನಮ್ಮ ಸೀಮೆ ಮದ್ರಾಸಿನಿಂದ ಬೇರೆಯಾದ ಹೊಸತರ ಮಾತು ಇದು.

ಆಮೇಲೆ ಆದೋನಿಯಲ್ಲಿ ಒಬ್ಬ ಹತ್ತಿ ಸಾಹುಕಾರರ ಮನೆಗೆ ಅಡುಗೆಗೆ ಸೇರಿದಳು. ಆ ಮನೆಯ ಅಂಗಳದಲ್ಲಿ ಸಿಮೆಂಟಿನ ತೊಟ್ಟಿ, ಅದರೊಳಗೆ ಕೆಂಪು ಬಿಳಿ ಮಚ್ಚೆಯ ಗೆಂಡೆ ಮೀನುಗಳು. ಜಪಾನಿನ ಜಾತಿಯಂತೆ, ಮದ್ರಾಸಿನಿಂದ ರೈಲಿನಲ್ಲಿ ತರಿಸಿದ್ದಂತೆ. ಅವಕ್ಕೆ ಮಂಡಕ್ಕಿ ಹಾಕುವುದು ಅಕ್ಕನ ಪಾಲಿಗೆ ಬಂದಿತ್ತು. ಅವಳು ಕೈ ಅದ್ದಿದರೆ ಬೆರಳಿಗೆ ಬಾಯಿ ಹಚ್ಚುತ್ತಿದ್ದವಂತೆ. ಇದನ್ನು ಹೇಳುವಾಗಲೆಲ್ಲ ಆ ಬೆರಳುಗಳನ್ನು ಮುಂದೆ ಹಿಡಿದು ತೋರಿಸುತ್ತಿದ್ದಳು. ಸಾಹುಕಾರರು ಮನೆ ಮಾರಿ ಹೊರಟಾಗ ಅವರ ಹೆಂಡತಿ, ನಾಲ್ಕು ಮೀನು ನೀನೇ ಒಯ್ಯಿ ಎಂದರು.

ನಮ್ಮ ಹಿತ್ತಲಿನಲ್ಲಿ ಗೋಡೆಗೆ ಮಣ್ಣು ತೆಗೆದ ಒಂದು ತಗ್ಗಿತ್ತು. ಎರೆಭೂಮಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀರು ನಿಲ್ಲಬೇಕಾದರೆ ಒಳಗೆ ಏನು ಮೆತ್ತಬೇಕು ಎಂಬುದೇ ಅಕ್ಕನ ಚಿಂತೆಯಾಯಿತು. ಸಿಮೆಂಟಿಗೆ ಪರ್ಮಿಟ್ಟು ಬೇಕು, ನಮ್ಮಂಥವರಿಗೆ ಯಾರು ಕೊಡುತ್ತಾರೆ? ಹೊಸ ಗಾರೆಯ ನೀರು ಮೀನನ್ನು ಸುಡುತ್ತದೆ, ತುಂಬಿ ಚೆಲ್ಲಿ ತುಂಬಿ ಚೆಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಡಾಂಬರಿನ ವಾಸನೆ ಹೋಗುವುದಿಲ್ಲ. ಜಿನ್ನಿಂಗ್ ಮಿಲ್ಲಿನ ಹಳೆಯ ತಾಡಪಾಲು ಒಂದು ಮಳೆಗಾಲಕ್ಕೇ ಕೊಳೆಯುತ್ತದೆ. ಕೊನೆಗೆ ಕೆರೆಯ ಜೇಡಿಮಣ್ಣೇ ಸೈ ಎಂದಳು.

"ಕೆರೀನ ಸೋರಂಗಿಲ್ಲ, ಅದರ ಮಣ್ಣು ಸೋರತೈತೇನು? ಎರಡು ಬಂಡಿ ಹೇರಿಕೊಂಡು ಬಾರೋ ತಮ್ಮಾ. ಚೆಂದಗೆ ತುಳಿದು ಮೆತ್ತು. ನಾ ಹೋಗಿ ಮೀನ ತರ್ತೀನಿ."

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. "ಏಮಮ್ಮಾ, ಮೀನಿಗೆ ತೊಟ್ಲು ಕಟ್ಟಾಕತ್ತೀಯೇನು? ಹೆಸರಿಡಾಕ ನಮ್ಮನ್ನೂ ಕರಿ ಮತ್ತ."

"ಕರೀತೀನಿ ಬಿಡಬೇ. ಬರಿಗೈಲೆ ಬರಬ್ಯಾಡ, ಮಂಡಕ್ಕಿ ತಗೊಂಡು ಬಾ," ಎಂದು ಅಕ್ಕ ನಕ್ಕಳು. ಅವಳು ನಕ್ಕಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದ್ದು.

ಅಕ್ಕ ಆದೋನಿಗೆ ಹೋದಳು. ನಾನು ಕೆರೆಗೆ ಹೋಗಲಿಲ್ಲ. ಬಿಸಿಲು ಜೋರಿತ್ತು, ಕೆರೆ ದೂರ, ಜೊತೆಗಾರರು ಟೆಂಟ್ ಸಿನಿಮಾಕ್ಕೆ ಕರೆದರು, ಹೋದೆ. ಅಕ್ಕ ಬರುವ ಹಿಂದಿನ ದಿನ ನೋಡಿದರೆ ತಗ್ಗು ತಗ್ಗಾಗಿಯೇ ಇತ್ತು. ಮಾಳಿಗೆಗೆ ಹಾಕಲೆಂದು ತಂದ ಸವುಳು ಮಣ್ಣಿನ ರಾಶಿ ಅಂಗಳದಲ್ಲಿತ್ತು. ನಮ್ಮ ಕಡೆ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಅದನ್ನು ಹರಡುತ್ತೇವೆ. ಎಂಥ ಮಳೆ ಬಂದರೂ ಒಳಗೆ ಹನಿ ಇಳಿಯುವುದಿಲ್ಲ. ತಲೆಯ ಮೇಲೆ ಸೋರದ್ದು ನೆಲದಲ್ಲಿ ಸೋರುತ್ತದೆಯೇ ಎಂದುಕೊಂಡೆ. ಅದನ್ನೇ ನೆನೆಸಿ ತುಳಿದು ಮೆತ್ತಿದೆ. ಬಿಳಿಚು ಬಣ್ಣ ಅಕ್ಕನ ಕಣ್ಣಿಗೆ ಬೀಳಬಾರದೆಂದು ಮೇಲೆ ತೆಳ್ಳಗೆ ಕರಿಮಣ್ಣು ಸವರಿದೆ.

ಬಂದವಳೇ ಅಂಚಿಗೆ ಕೂತು ಕೈಯಾಡಿಸಿದಳು. "ಕೆರಿ ಮಣ್ಣೇ ಹೌದಲ್ಲೋ?"

"ಮತ್ತೇನು, ಬಂಗಾರ ಹಾಕ್ಲೇನು?" ಎಂದೆ.

ಬಾವಿಯಿಂದ ನೀರು ಹೊತ್ತು ತುಂಬಿಸಿದೆವು. ಎರಡು ದಿನ ಕಳೆದರೂ ಒಂದು ಬೆರಳು ಇಳಿಯಲಿಲ್ಲ. ತಮ್ಮನ ಕೆಲಸ ಅಂದರೆ ಹಿಂಗಿರತೈತಿ ನೋಡ್ರಿ ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಪಕ್ಕದ ಮನೆಯಾಕೆ ನಿಜವಾಗಿಯೂ ಮಂಡಕ್ಕಿ ತಂದಳು. ಅಕ್ಕ ಮಣ್ಣಿನ ಬಾನಿಯಿಂದ ಮೀನುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಎತ್ತಿ ಬಿಟ್ಟಳು.

ಮಾರನೆಯ ದಿನ ಮೀನುಗಳು ಮಂಡಕ್ಕಿ ಮುಟ್ಟಲಿಲ್ಲ. ಅದರ ಮಾರನೆಯ ದಿನ ಎರಡು ಹೊಟ್ಟೆ ಮೇಲಾಗಿ ತೇಲಿದವು. ಉಳಿದೆರಡು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ನಾನು ನೀರಿಗೆ ಕೈ ಹಾಕಿದೆ. ಸಾಬೂನಿನ ನೀರಿನ ಹಾಗೆ ಜಾರಿತು. ಅಗಸರು ಬಟ್ಟೆ ಒಗೆಯಲು ಇದೇ ಸವುಳನ್ನು ಒಯ್ಯುವುದನ್ನು ಹುಟ್ಟಿದಾಗಿನಿಂದ ಕಂಡವನು ನಾನು. ಆಗ ಎಲ್ಲ ತಿಳಿಯಿತು, ಸವುಳು ನೀರಿಗೆ ಬಿಟ್ಟು ಮೀನನ್ನು ಸುಡುತ್ತಿತ್ತು. ಬಾನಿ ಅಲ್ಲೇ ಗೋಡೆಗೆ ಒರಗಿತ್ತು. ಬಾವಿಯ ನೀರು ತುಂಬು, ಮೀನನ್ನು ಅದಕ್ಕೆ ಹಾಕು ಎಂದು ಅಕ್ಕನಿಗೆ ಹೇಳಿದ್ದರೆ ಎರಡು ಉಳಿಯುತ್ತಿದ್ದವೋ ಏನೋ... ಹಾಗಂದರೆ ಏಕೆ ಎಂದು ಕೇಳುತ್ತಾಳೆ. ಓಣಿಯವರು ನಿಂತಿದ್ದರು. ನಾನು ಕೈಯನ್ನು ಧೋತ್ರಕ್ಕೆ ಒರೆಸಿಕೊಂಡೆ.

ಸಂಜೆಗೆ ನಾಲ್ಕೂ ಸತ್ತಿದ್ದವು. ಅಕ್ಕ ಅಳಲಿಲ್ಲ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಾ ಮುಟ್ಟಿದ್ದು ಉಳಿಯಂಗಿಲ್ಲ ತಮ್ಮಾ. ಆ ಊರಾಗ ಅಂದಿದ್ದು ಖರೇನ ಐತಿ."

ಅಲ್ಲಕ್ಕಾ, ನಿನ್ನ ಕೈಯಲ್ಲ, ನನ್ನ ಮಣ್ಣು... ಅಷ್ಟೇ ಮಾತು. ಬರಲಿಲ್ಲ.

ಆಮೇಲೆ ಅಕ್ಕ ಕರುವಿನ ಮೈ ಸವರಲಿಲ್ಲ, ತುಳಸಿಗೂ ನೀರು ಹಾಕಲಿಲ್ಲ. ನನ್ನ ಮಗ ಹುಟ್ಟಿದಾಗ ಹೆಂಡತಿ ಕೂಸನ್ನು ಕೊಡಲು ಹೋದರೆ, "ಬ್ಯಾಡಬೇ, ನನ್ನ ಕೈಗೆ ಕೊಡಬ್ಯಾಡ," ಎಂದು ಬಾಗಿಲ ಹಿಂದಕ್ಕೆ ಸರಿದಳು. ಅಲ್ಲಿಂದಲೇ ನೋಡುತ್ತಿದ್ದಳು. ಅವನು ನಡೆಯುವುದು ಕಲಿತು ಅವಳ ಕಡೆಗೇ ಬಂದರೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ಹಾಗೆ ಇದ್ದು, ಹಾಗೆಯೇ ಒಂದು ದಿನ ಜ್ವರದಲ್ಲಿ ಹೋದಳು. ಕೊನೆಗೆ ಬಾಯಿಗೆ ನೀರು ಬಿಟ್ಟವನು ನಾನು. ಆಗಲೂ ಹೇಳಲಿಲ್ಲ.

ಮೊನ್ನೆ ಮಳೆ ನಿಂತ ಮೇಲೆ ಮಗ ಹಿತ್ತಲಿನಿಂದ ಕೂಗಿದ. "ಅಪ್ಪಾ, ಈ ತಗ್ಗಿನಾಗ ಹೋದ ವಾರದ ನೀರು ಇನ್ನೂ ಹಂಗೇ ನಿಂತೈತಿ. ಭಾರಿ ಗಟ್ಟಿ ಕೆಲಸ. ತಳಕ್ಕ ಏನು ಹಾಕಿದ್ರಿ ಆವಾಗ?"

ಅಕ್ಕ ಎತ್ತಿಕೊಳ್ಳದ ಕೂಸು ಅವನು. ಕೇಳಿದವನು ಅವನೇ. ಕೇಳಿಸಿಕೊಳ್ಳಲು ಈಗ ಓಣಿಯವರೂ ಯಾರೂ ಇರಲಿಲ್ಲ.

"ಕೆರಿ ಮಣ್ಣು," ಎಂದೆ.