ಕಟಕಟೆಯ ಪಕ್ಕ ನಿಂತ ಅಕ್ಕ

ಹೋದ ತಿಂಗಳು ಹುಣಸೂರಿನಿಂದ ಪಿರಿಯಾಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಿದ್ದೆ. ಒಂದು ತಿರುವಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ನ ವಾಸನೆ ಒಳಗೆ ನುಗ್ಗಿತು. ಈ ಕಡೆಯವರಿಗೆ ಅದು ಹೊಸದಲ್ಲ. ಸೊಪ್ಪು ಹದವಾಗುವ ತಿಂಗಳುಗಳಲ್ಲಿ ಒಣಹಾಕಿದ ಬಟ್ಟೆಗೂ ಅದೇ ವಾಸನೆ, ತಲೆಗೂದಲಿಗೂ ಅದೇ. ಬೆಲ್ಲ ಸೀದ ಹಾಗೆ ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಹಿಡಿಯುವಂಥದ್ದು. ನನಗೆ ಮಾತ್ರ ಅದು ಬಂದಾಗಲೆಲ್ಲ ಒಬ್ಬರ ಸೀರೆಯ ಸೆರಗು ನೆನಪಾಗುತ್ತದೆ. ಅಂದು ನಾನು ಹೊರಟಿದ್ದೂ ಅವರ ಹಾಡಿಗೇ, ಕಾಡಂಚಿನ ಆದಿವಾಸಿಗಳ ಪುಟ್ಟ ಕೇರಿಗೆ. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಹುಣಸೂರಿನ ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ ನನ್ನದು ಸಾಕ್ಷಿದಾರರಿಗೆ, ನೊಂದವರಿಗೆ ನೆರವಾಗುವ ಕೆಲಸ. ಅಕ್ಕನನ್ನು ಮೊದಲು ಕಂಡಾಗ ಸೇರಿ ಎರಡನೇ ವರ್ಷ. ಸಮನ್ಸು ಹಿಡಿದು ಬಂದವರನ್ನು ಕೂರಿಸಿ ನೀರು ಕೊಡುವುದು, ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ಯಾರು ಯಾಕೆ ಪ್ರಶ್ನೆ ಕೇಳುತ್ತಾರೆ ಎಂದು ಹೇಳಿಕೊಡುವುದು, ಆರೋಪಿಯ ಕಡೆಯವರು ಕಾರಿಡಾರಿನಲ್ಲಿ ಅವರ ಮೈಮೇಲೆ ಬೀಳದಂತೆ ನೋಡಿಕೊಳ್ಳುವುದು. ಹೆಗ್ಗಡದೇವನಕೋಟೆ, ಕೆ.ಆರ್. ನಗರ, ಎಲ್ಲ ಕಡೆಯಿಂದಲೂ ಜನ ಬರುತ್ತಿದ್ದರು. ಮೊದಲ ಸಲ ಬಂದವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಿದ್ದರು. ಬೇಡ, ಹಾಕಿಕೊಳ್ಳಿ ಎಂದರೂ ಕೇಳುತ್ತಿರಲಿಲ್ಲ.

ಅಕ್ಕ ನನಗೆ ಪರಿಚಯವಾದ ಕೇಸಿನಲ್ಲಿ ಸತ್ತವಳು ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು. ವೀರನಹೊಸಹಳ್ಳಿ ಕಡೆಯ ಹಾಡಿಯವಳು. ತಾಯಿ ಮಗಳು ಇಬ್ಬರೂ ಒಂದು ಬ್ಯಾರನ್‌ನಲ್ಲಿ ಕೂಲಿಗಿದ್ದರು. ಒಂದು ಮಧ್ಯಾಹ್ನ ತಾಯಿ ಮುಂಭಾಗದಲ್ಲಿ ಕುಳಿತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಮಗಳು ಹಿಂಭಾಗದಲ್ಲಿ ಸೌದೆ ಹೊರುತ್ತಿದ್ದಳು. ಮಗುವಿಗೆ ಜ್ವರ, ಬೇಗ ಹೊರಡುತ್ತೇನೆ ಎಂದು ಬೆಳಗ್ಗೆಯೇ ಮೇಸ್ತ್ರಿಗೆ ಹೇಳಿದ್ದಳಂತೆ. ಆಗುವುದಿಲ್ಲ ಎಂದಿದ್ದನಂತೆ. ತಾಯಿ ಹಿಂದಕ್ಕೆ ಓಡಿ ಹೋಗಿ ನೋಡಿದಾಗ ಮಗಳು ಬಿದ್ದಿದ್ದಳು, ಮೇಸ್ತ್ರಿ ಬರಿಗೈಯಲ್ಲಿ ನಿಂತಿದ್ದ. ಸೊಪ್ಪು ಏರಿಸಲು ಮೇಲೆ ಹತ್ತಿದವಳು ಜಾರಿ ಬಿದ್ದಳು ಎಂದು ಅವನ ವಾದ. ಉಳಿದ ಆಳುಗಳು ನಾವು ಊಟಕ್ಕೆ ಹೋಗಿದ್ದೆವು ಎಂದು ಕೈತೊಳೆದುಕೊಂಡರು. ಉಳಿದದ್ದು ತಾಯಿಯೊಬ್ಬಳೇ. ಮೇಸ್ತ್ರಿ ಸೌದೆಯಿಂದ ಹೊಡೆದದ್ದನ್ನು ಅವಳು ಕಣ್ಣಾರೆ ಕಂಡಳು ಎಂದು ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿತ್ತು.

ಆ ತಾಯಿಗೆ ಸಂತೆಯಲ್ಲಿ ವ್ಯವಹರಿಸುವಷ್ಟು ಕನ್ನಡ ಬರುತ್ತಿತ್ತು. ಮಗಳ ಸುದ್ದಿ ಎತ್ತಿದರೆ ಅದೂ ನಿಂತುಹೋಗಿ ಹಾಡಿಯ ಮಾತು ಶುರುವಾಗುತ್ತಿತ್ತು. ನಮಗೆ ಅರ್ಥವಾಗುತ್ತಿರಲಿಲ್ಲ. ದುಭಾಷಿಯನ್ನು ಹುಡುಕುವ ಕೆಲಸ ನನಗೆ ಬಿತ್ತು. ಯಾರೋ ಹೇಳಿದರು, ಪಿರಿಯಾಪಟ್ಟಣದ ಕಡೆ ಹಾಡಿಯೊಂದರಲ್ಲಿ ಅಂಗನವಾಡಿ ಸಹಾಯಕಿ ಇದ್ದಾರೆ, ಏಳನೇ ಕ್ಲಾಸು ಓದಿದ್ದಾರೆ ಎಂದು. ಹಾಗೆ ಅಕ್ಕ ಬಂದರು. ಐವತ್ತರ ಆಸುಪಾಸು, ಕುಳ್ಳು, ಮಾತು ಕಡಿಮೆ. ರಜೆಯ ದಿನಗಳಲ್ಲಿ ಅವರೂ ಬ್ಯಾರನ್‌ಗೆ ಹೋಗುತ್ತಿದ್ದರು. ಸೊಪ್ಪಿನ ಜಿಗಟು ಅಂಟಿ ಬೆರಳೆಲ್ಲ ಕಪ್ಪಾಗಿದ್ದವು. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದರು.

ಸಾಕ್ಷಿಯ ಹಿಂದಿನ ದಿನ ನಮ್ಮ ಕಚೇರಿಯ ಚಿಕ್ಕ ಕೋಣೆಯಲ್ಲಿ ಮೂವರೇ ಕುಳಿತೆವು. ತಾಯಿ ಮೆಲ್ಲಗೆ ಹೇಳುತ್ತಿದ್ದಳು, ಅಕ್ಕ ಕನ್ನಡದಲ್ಲಿ ಹೇಳುತ್ತಿದ್ದರು. ಹೊಡೆದದ್ದನ್ನು ತಾನು ನೋಡಲಿಲ್ಲ, ಬ್ಯಾರನ್‌ನ ಗೋಡೆ ಅಡ್ಡ ಇತ್ತು, ಸದ್ದು ಕೇಳಿ ಓಡಿ ಹೋದೆ ಎಂದಳು. ಅವಳು ಅಷ್ಟು ಹೇಳುವಷ್ಟರಲ್ಲಿ ನಾನು ಮುಂದಿನದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ. ನಾಳೆ ಇದನ್ನೇ ಹೇಳಿದರೆ ಕೇಸು ಬಿದ್ದುಹೋಗುತ್ತದೆ, ಮೇಸ್ತ್ರಿ ನಗುತ್ತಾ ಮೆಟ್ಟಿಲಿಳಿದು ಹೋಗುತ್ತಾನೆ. ನನಗೆ ಕಂಡದ್ದು ಅದೊಂದೇ.

ತಾಯಿ ನೀರು ಕುಡಿಯಲು ಎದ್ದು ಹೋದಾಗ ನಾನು ಅಕ್ಕನ ಹತ್ತಿರ ಹೋಗಿ ಕುಳಿತೆ. ಹೇಳಬಾರದ ಮಾತು ಎಂದು ಗೊತ್ತಿದ್ದೂ ಹೇಳಿದೆ. “ಅಕ್ಕ, ಆ ಭಾಷೆ ಅಲ್ಲಿ ಯಾರಿಗೂ ಬರಲ್ಲ. ಅವರು ಕೇಳಿದೆ ಅಂದರೆ ನೀವು ನೋಡಿದೆ ಅಂದ್ಬಿಡಿ. ಒಂದೇ ಒಂದು ಪದ.”

ಅಕ್ಕ ನನ್ನ ಮುಖ ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದರು.

“ಅವ್ಳು ಏಳ್ದೆ ಇದ್ದುದ್ನ ನಾ ಏಳಕಿಲ್ಲ ಕಣವ್ವ. ಏಳುದ್ದುನ್ನ ಬುಡಾಕೂ ಇಲ್ಲ.”

ಆಮೇಲೆ ಅವರೇ, ನನ್ನ ಮೇಲೆ ಕೋಪವಿಲ್ಲದಂತೆ, ತಮ್ಮ ಗಂಡನ ಸಂಗತಿ ಹೇಳಿದರು. ಬಹಳ ಹಿಂದೆ ಕಾಡಿನ ಕೇಸೊಂದರಲ್ಲಿ ಅವರನ್ನು ಹಿಡಿದಿದ್ದರಂತೆ. ಅವರು ಹಾಡಿಯ ಮಾತಿನಲ್ಲಿ ಹೇಳಿದ್ದು ಒಂದು, ಹಾಳೆಯ ಮೇಲೆ ಬಂದದ್ದು ಇನ್ನೊಂದು. ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಜೈಲಿನಿಂದ ಬಂದ ಮೇಲೆ ಆ ಮನುಷ್ಯ ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದರಂತೆ. ಸಾಯುವ ತನಕ... ಅಷ್ಟು ಹೇಳಿ ಅಕ್ಕ ಎದ್ದು ತಾಯಿಯನ್ನು ಕರೆತರಲು ಹೋದರು.

ಮರುದಿನ ಕೋರ್ಟು ತುಂಬಿತ್ತು. ತಾಯಿ ಕಟಕಟೆಯೊಳಗೆ, ಅಕ್ಕ ಅದಕ್ಕೆ ಆತುಕೊಂಡು ಪಕ್ಕದಲ್ಲಿ. ಅಕ್ಕನಿಗೂ ಪ್ರಮಾಣ ಮಾಡಿಸಿದರು. ಮೊದಲು ಅವರು ಪ್ರತಿ ಮಾತಿಗೂ “ಅಂತೆ” ಸೇರಿಸುತ್ತಿದ್ದರು. ಸೊಪ್ಪು ಕಟ್ಟುತ್ತಿದ್ದಳಂತೆ, ಮಗಳು ಹಿಂದಿದ್ದಳಂತೆ. ನ್ಯಾಯಾಧೀಶರು ತಡೆದು, ಅಂತೆ ಅನ್ನಬೇಡಿ, ಅವರು ಹೇಗೆ ಹೇಳುತ್ತಾರೋ ಹಾಗೇ ಹೇಳಿ ಎಂದರು. ಅಕ್ಕ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅವರ ಬಾಯಿಂದ “ನನ್ ಮಗ್ಳು” ಎಂದು ಬಂದಾಗ ಬೆರಳಚ್ಚುಗಾರರೂ ತಲೆಯೆತ್ತಿ ನೋಡಿದರು.

ನಾನು ಹೆದರಿದಂತೆಯೇ ಆಯಿತು. ಹೊಡೆದದ್ದನ್ನು ನೋಡಿದೆಯಾ ಎಂದು ನಮ್ಮ ಅಭಿಯೋಜಕರು ಕೇಳಿದರು. ಅಕ್ಕ ಹೇಳಿದರು, “ನೋಡ್ನಿಲ್ಲ. ಗ್ವಾಡೆ ಅಡ್ಡ ಇತ್ತು.” ಅಭಿಯೋಜಕರು ನನ್ನತ್ತ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಪಾಟೀ ಸವಾಲಿಗೆ ಎದ್ದ ಆರೋಪಿಯ ವಕೀಲರು ಅದನ್ನೇ ಇನ್ನೊಮ್ಮೆ ಕೇಳಿದರು. ತಾಯಿ ಮತ್ತೆ ಇಲ್ಲ ಎಂದಳು, ಜೊತೆಗೆ ಇನ್ನೇನೋ ಹೇಳತೊಡಗಿದಳು. ಸಾಕು, ಅಷ್ಟು ಸಾಕು ಎಂದು ವಕೀಲರು ಕೂತುಬಿಟ್ಟರು.

ಅಕ್ಕ ನಿಂತಲ್ಲೇ ಕೈಮುಗಿದರು. ಕಪ್ಪು ಬೆರಳುಗಳು ಎಲ್ಲರಿಗೂ ಕಂಡವು. “ಸ್ವಾಮಿ, ಅವ್ಳು ಇನ್ನೂ ಮುಗ್ಸಿಲ್ಲ. ಏಳ್ತಾವ್ಳೆ.”

ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಪೂರ್ತಿ ಹೇಳಲಿ ಎಂದರು. ತಾಯಿ ಹೇಳಿದಳು. ಅಕ್ಕ ಅವಳು ಮುಗಿಸುವವರೆಗೆ ಕಾದು, ನೇರ ನಿಂತು ಹೇಳಿದರು. “ನನ್ ಮಗ್ಳು ಒಡೀಬ್ಯಾಡ ಮೇಸ್ತ್ರಿ ಅಂತ ಕೂಗುದ್ಲು. ಎಲ್ಡು ಸಲ ಕೂಗುದ್ಲು. ಮೂರ್ನೇ ಸಲ ಕೂಗ್ನಿಲ್ಲ.”

ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ನ್ಯಾಯಾಧೀಶರೇ ಕೇಳಿದರು. ಉತ್ತರ ಅಕ್ಕನ ಧ್ವನಿಯಲ್ಲಿ ಬಂತು. “ಏನ್ ನೋಡ್ದೆ ಅಂತ ಕೇಳುದ್ರು. ಏನ್ ಕೇಳುಸ್ತು ಅಂತ ಯಾರೂ ಕೇಳ್ನಿಲ್ಲ.”

ಯಾರೂ ಎಂದರೆ ನಾನೂ ಸೇರಿದ್ದೆ. ಹಿಂದಿನ ದಿನ ಅವಳ ಎದುರಿಗೇ ಕುಳಿತಿದ್ದೆ, ನಾನೂ ಕೇಳಿರಲಿಲ್ಲ. ಅಕ್ಕ ನನ್ನ ಮಾತು ಕೇಳಿ ಆ ಒಂದು ಪದ ಬದಲಿಸಿದ್ದರೆ, ಗೋಡೆ ಅಡ್ಡ ಇದ್ದದ್ದನ್ನು ಪೊಲೀಸರು ಬರೆದ ಸ್ಥಳದ ನಕ್ಷೆಯಲ್ಲಿ ತೋರಿಸಿ ವಕೀಲರು ಅವಳನ್ನು ಸುಳ್ಳಿ ಎನ್ನಿಸಿಬಿಡುತ್ತಿದ್ದರು.

ತೀರ್ಪು ಬರಲು ಮತ್ತೂ ಹಲವು ತಿಂಗಳು ಹಿಡಿಯಿತು. ಜಾರಿ ಬಿದ್ದರೆ ಆಗುವ ಗಾಯವಲ್ಲ ಎಂದು ಡಾಕ್ಟರು ಹೇಳಿದ್ದೂ ಸೇರಿ ಮೇಸ್ತ್ರಿಗೆ ಶಿಕ್ಷೆಯಾಯಿತು. ಕೊಲೆಯೆಂದಲ್ಲ, ಅದಕ್ಕಿಂತ ಕಡಿಮೆಯ ಅಪರಾಧವೆಂದು. ಕಾಣದ್ದನ್ನು ಕಂಡೆ ಎನ್ನದ ಈ ಸಾಕ್ಷಿಯ ಮಾತನ್ನು ನಂಬದಿರಲು ಕಾರಣವಿಲ್ಲ ಎಂದು ನ್ಯಾಯಾಧೀಶರು ಓದಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಅಂದು ಬಂದಿರಲಿಲ್ಲ. ತೀರ್ಪು ಕೇಳಲು ದುಭಾಷಿಯನ್ನು ಯಾರೂ ಕರೆಯುವುದಿಲ್ಲ. ತಾಯಿಗೆ ನಾನೇ ಅವಳ ಸಂತೆ ಕನ್ನಡದಲ್ಲಿ ಹರಕುಮುರುಕಾಗಿ ತಿಳಿಸಿದೆ. ಅವಳು ಮೊಮ್ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟುಹೋದಳು.

ಒಂದೆರಡು ವರ್ಷದ ಮೇಲೆ ಅಕ್ಕ ಹುಣಸೂರು ಬಸ್ ನಿಲ್ದಾಣದಲ್ಲಿ ಸಿಕ್ಕರು. ಆ ಸಾಕ್ಷಿಯ ನಂತರ ಆ ಸುತ್ತಿನ ಯಾವ ಬ್ಯಾರನ್‌ನವರೂ ಅವರನ್ನು ಕೂಲಿಗೆ ಕರೆದಿರಲಿಲ್ಲ. ಅದನ್ನು ಅವರೇ ಹೇಳಿದರು. ಅವರು ಎರಡೂ ಕೈ ಚಾಚಿ ತೋರಿಸಿ, “ಬುಡಿ ಅತ್ಲಾಗೆ. ಉಗುರು ಬೆಳ್ಳಗಾಗವೆ ನೋಡಿ” ಎಂದು ನಕ್ಕರು. ಅವತ್ತೇ ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಅಂಗನವಾಡಿ ಹೇಗೆ ನಡೀತಿದೆ ಎಂದು ಕೇಳಿದೆ... ಅವರ ಬಸ್ಸು ಬಂತು.

ಈಗ ಇನ್ನೊಂದು ಕೇಸು. ಸರಗೂರು ಕಡೆಯ ಹಾಡಿಯ ಮುದುಕರೊಬ್ಬರು ಸಾಕ್ಷಿ ಹೇಳಬೇಕು, ಕನ್ನಡ ಅಷ್ಟಕ್ಕಷ್ಟೆ. ಅಕ್ಕನಿಗೆ ಫೋನು ಮಾಡಿದರೆ ಸಿಗಲಿಲ್ಲ. ಅದಕ್ಕೇ ಹೋದ ತಿಂಗಳು ಆ ಬಸ್ಸು ಹತ್ತಿದ್ದು. ಹಾಡಿಯಲ್ಲಿ ಅವರ ಮಗಳು ಸಿಕ್ಕಳು. ಅವ್ವ ತೀರಿಕೊಂಡು ಆರು ತಿಂಗಳಾಯಿತು ಎಂದಳು. ಹೊಟ್ಟೆನೋವು ಎನ್ನುತ್ತಿದ್ದರಂತೆ, ಮೈಸೂರಿಗೆ ಕರೆದೊಯ್ಯುವಷ್ಟರಲ್ಲಿ ತಡವಾಗಿತ್ತಂತೆ. ದುಭಾಷಿಯಾಗಿ ನೀನು ಬರುತ್ತೀಯಾ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಓದಿದವಳು. “ಮುದುಕ್ರು ಆಡೋದು ನಂಗೆ ಪೂರಾ ತಿಳಿಯಕಿಲ್ಲ ಕಣ್ ಮೇಡಂ. ತಪ್ಪು ಏಳ್ಬುಟ್ರೆ?”

ಹೊರಡುವ ಮುಂಚೆ ಅವಳಿಗೆ ಎಲ್ಲ ಹೇಳಿದೆ. ಆ ಚಿಕ್ಕ ಕೋಣೆ, ನಾನು ಕೇಳಿದ ಒಂದು ಪದ, ಅವಳ ತಾಯಿ ಕೊಟ್ಟ ಉತ್ತರ.

“ನಮ್ಮವ್ವ ಅದ ಯಾವತ್ತೂ ಏಳ್ನಿಲ್ಲ. ಕೋಲ್ಟಲ್ಲಿ ಒಬ್ರು ಮೇಡಂ ಅವ್ರೆ, ನಂಗೆ ಕೂರಾಕೆ ಕುರ್ಚಿ ತರ್ಸ್ಕೊಟ್ರು ಅಂತ ಏಳೋಳು. ಅಷ್ಟೇಯ.”

ಕುರ್ಚಿ ತರಿಸಿದ್ದು ನನಗೆ ನೆನಪಿರಲಿಲ್ಲ. ಈಗಲೂ ನೆನಪಾಗುತ್ತಿಲ್ಲ.

ಸರಗೂರಿನ ಆ ಮುದುಕರ ಸಾಕ್ಷಿಯನ್ನು ಮುಂದಿನ ತಾರೀಖಿಗೆ ಹಾಕಿದ್ದಾರೆ. ಬೇರೆ ದುಭಾಷಿಯನ್ನು ಹುಡುಕಿ ಎಂದು ಕೋರ್ಟು ಹೇಳಿದೆ, ಹುಡುಕುತ್ತಿದ್ದೇನೆ. ಯಾರಾದರೂ ಸಿಗುತ್ತಾರೆ. ಅಕ್ಕ ಸಿಗುವುದಿಲ್ಲ.