ಎರಡನೆಯ ಇಂಜೆಕ್ಷನ್

ಅತ್ತೆ, ಆ ದಿನ ನೀವು ಇಂಜೆಕ್ಷನ್ ಎರಡು ಸಲ ಚುಚ್ಚಿಕೊಂಡಿರಲಿಲ್ಲ. ಒಂದೇ ಸಲ — ದಿನದಂತೆ, ಅಳತೆ ತಪ್ಪದೆ. ಮರೆತವಳು ನಾನು. ಮೂರು ವರ್ಷದ ಮೇಲೆ ಈಗ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಸಕ್ಕರೆ ಕಾಯಿಲೆಗೆ ಒಗ್ಗಲಿ ಎಂದು ಆ ವಾರ ನಾಷ್ಟಾದಲ್ಲಿ ನನ್ನ ಪ್ರಯೋಗ ನಡೆದಿತ್ತು. ಹಿಂದಿನ ದಿನದ ನಾಚಣಿ ಹಿಟ್ಟಿನ ದೋಸೆ ಹರಿದು ಚೂರಾದಾಗ ನೀವು ನಗುತ್ತ ಅದನ್ನೇ ಚಮಚದಲ್ಲಿ ತಿಂದಿದ್ದಿರಿ. ಆ ದಿನ ಜೋಳದ ಇಡ್ಲಿ. ಪಾತ್ರೆ ಒಲೆಗೇರಿಸಿ ಕೂಗಿ ಹೇಳಿದೆ, ಆಗುತ್ತ ಬಂತು, ಇಂಜೆಕ್ಷನ್ ತೆಗೆದುಕೊಳ್ಳಿರಿ ಎಂದು. ಆಮೇಲೆ ಅರ್ಧ ತಾಸಿನೊಳಗೆ ನಿಮ್ಮ ಹೊಟ್ಟೆಗೆ ಏನಾದರೂ ಬೀಳಲೇಬೇಕೆಂದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಒಲೆ ಪಕ್ಕದ ಕಟ್ಟೆಯ ಮೇಲೆ ನೀವೇ ಕೊಟ್ಟ ಕಾದಂಬರಿ. ನಿಮ್ಮ ತವರು ಸಂಕೇಶ್ವರದಿಂದ ತಂದದ್ದು — ಮರಾಠಿ ಊರಾದ ಈ ಗಡಹಿಂಗ್ಲಜದಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗಬೇಕು? ನೀವು ಓದಿ ನನಗೆ, ನಾನು ಓದಿ ನಿಮಗೆ; ಕೊನೆ ಮಾತ್ರ ಹೇಳಬಾರದು. ಇಡ್ಲಿಯ ನಡು ಇನ್ನೂ ಹಸಿ ಇತ್ತು. ಹತ್ತು ನಿಮಿಷ ಇರಲಿ ಎಂದು ಮುಚ್ಚಿ ಪುಸ್ತಕ ತೆರೆದೆ. ಆಯಿತೇ ಎಂದು ನೀವು ಒಳಗಿನಿಂದ ಕೇಳಿದಿರಿ. ತಲೆ ಎತ್ತದೆ ಆಯಿತು ಎಂದೆ. ಮತ್ತೊಮ್ಮೆ ನೀವು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ಅನಿಸಲೂ ಇಲ್ಲ — ಪಾತ್ರೆಯ ನೀರೆಲ್ಲ ಆರಿ ಸುಟ್ಟ ವಾಸನೆ ಬರುವ ತನಕ.

ನೀವು ಮಂಚಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದಿರಿ. ಸೀರೆಯೆಲ್ಲ ಬೆವರಿನಿಂದ ತೊಯ್ದಿತ್ತು. ಕರೆದರೆ ಓ ಎನ್ನಲಿಲ್ಲ. ಸಕ್ಕರೆಯನ್ನು ನಿಮ್ಮ ವಸಡಿಗೆ ತಿಕ್ಕುತ್ತ ನಾನು ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ನೆರೆಮನೆಯವರು ರಿಕ್ಷಾ ತಂದರು.

ಇಚಲಕರಂಜಿಯ ಮಗ್ಗದ ಕೆಲಸ ಬಿಟ್ಟು ನಿಮ್ಮ ಮಗ ದವಾಖಾನೆಗೆ ಓಡಿ ಬಂದರು. ಡಾಕ್ಟರರು ಏನಾಯಿತೆಂದು ಕೇಳಿದರು. ಗಂಡ ನನ್ನನ್ನೇ ನೋಡುತ್ತಿದ್ದರು. ಕಾದಂಬರಿ ಓದುತ್ತ ತಾಯಿಯನ್ನು ಕೊಂದೆಯಾ ಎಂದು ಅವರು ಕೇಳಿಬಿಟ್ಟರೆ —

“ಮರತು ಎರಡ್ ಸಲ ತಗೊಂಡಾರ ಅನಸ್ತೈತ್ರಿ” ಎಂದೆ.

ಸಂಜೆ ನಿಮಗೆ ಎಚ್ಚರವಾದಾಗ ಮಗ ಅದನ್ನೇ ಕೇಳಿದರು. ನೀವು ನನ್ನ ಮುಖ ನೋಡಿದಿರಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ — ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

“ತಗೊಂಡಿರಬೇಕು ಬಿಡಪಾ” ಎಂದಿರಿ. “ನನಗ ನೆನಪ ಉಳಿಯವಲ್ದು.”

ನೀವು ನನ್ನನ್ನು ಉಳಿಸಿದಿರೋ, ನಂಬಿದಿರೋ — ಆ ದಿನ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸೂಜಿಯ ಡಬ್ಬಿ ಕಪಾಟು ಸೇರಿ ಅದರ ಕೀಲಿ ನನ್ನ ಕೈಗೆ ಬಂತು. ಗ್ಯಾಸ್ ಹಚ್ಚಬೇಡ ಎಂದು ಮಗ ಹೇಳಿದರೆ ನೀವು ಎದುರಾಡಲಿಲ್ಲ. ಒಂದು ಮಧ್ಯಾಹ್ನ ಅರ್ಧ ಓದಿದ ಪುಸ್ತಕ ನನ್ನ ಮಡಿಲಲ್ಲಿಟ್ಟು, ತಲೆಯಲ್ಲಿ ಏನೂ ನಿಲ್ಲುವುದಿಲ್ಲ, ಇನ್ನು ನೀನೇ ಓದು ಎಂದಿರಿ. ನಿಮ್ಮ ತಲೆ ನೆಟ್ಟಗೇ ಇತ್ತು, ಅತ್ತೆ. ಅದು ಕೆಟ್ಟಿದೆ ಎಂದು ನಿಮ್ಮನ್ನು ನಂಬಿಸಿದವಳು ನಾನು.

ನಿಮಗೆ ಎಲ್ಲಿ ನೆನಪಾಗುತ್ತದೋ ಎಂದು ಮೊದಲು ಅಂಜುತ್ತಿದ್ದೆ. ಈಗಿನ ಅಂಜಿಕೆ ಬೇರೆ. ದಿನಾ ಮುಂಜಾನೆ ನಾನೇ ಸೂಜಿ ಚುಚ್ಚುತ್ತೇನೆ, ಐದು ನಿಮಿಷದ ಮೇಲೆ ನೀವು ತೋಳು ಸವರಿಕೊಂಡು ಕೇಳುತ್ತೀರಿ, “ನಾ ಇಂಜೆಕ್ಷನ್ ತಗೊಂಡೇನೇನವಾ?” ಇದು ವಯಸ್ಸಿನ ಮರೆವೋ, ನಾನು ಕಲಿಸಿದ್ದೋ — ಯಾವ ಡಾಕ್ಟರರನ್ನು ಕೇಳಲಿ?

ಈ ಹಾಳೆಯನ್ನು ಅದೇ ಕಾದಂಬರಿಯೊಳಗೆ ಇಡಬೇಕೆಂದಿದ್ದೆ. ಆದರೆ ನೀವು ಈಗ ಪುಸ್ತಕ ತೆರೆಯುವುದಿಲ್ಲ. ಅದಕ್ಕೆ ನಾಳೆ ಮುಂಜಾನೆ ನಿಮ್ಮ ಮಗ ಕೆಲಸಕ್ಕೆ ಹೊರಡುವ ಮುನ್ನ, ಅವರೆದುರಿಗೇ ನಿಮಗೆ ಇದನ್ನು ಓದಿ ಹೇಳುತ್ತೇನೆ. ಕೇಳಿ ಏನು ಬೇಕಾದರೂ ಅನ್ನಿರಿ. ಮೊದಲು ನಾಷ್ಟಾ ಮಾಡಿರಿ.